ಉದ್ಯಾನವನ್ನು ಏಪ್ರಿಲ್‌ನಲ್ಲಿ ನೋಡಬೇಕು

ಸಂಕ್ರಾಂತಿ ಬಂತೆಂದರೆ ನಮ್ಮ ಕಡೆಯ ಮಂದಿ ಆಲಮಟ್ಟಿಯ ದಾರಿ ಹಿಡಿಯುತ್ತಾರೆ. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಯಿಂದ ಬುತ್ತಿ ಕಟ್ಟಿಕೊಂಡು ಬಂದವರು ಹೊಳೆಯಲ್ಲಿ ಮಿಂದು, ಗಿಡದ ನೆರಳು ಹುಡುಕಿ, ಸಜ್ಜಿರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆಯ ಗಂಟು ಬಿಚ್ಚುತ್ತಾರೆ. ಊಟ ಮುಗಿದ ಮೇಲೆ ರಾಕ್ ಗಾರ್ಡನ್, ಮೊಘಲ್ ಉದ್ಯಾನ, ಸಂಜೆಗೆ ಸಂಗೀತ ಕಾರಂಜಿ. ಬಯಲುಸೀಮೆಯ ಮಕ್ಕಳು ಕತ್ತರಿಸಿಟ್ಟ ಹಸಿರನ್ನು ಮೊದಲು ಕಾಣುವುದು ಬಹುಮಟ್ಟಿಗೆ ಅಲ್ಲಿಯೇ. ಆ ಸಂತೋಷ ದೊಡ್ಡದು.

ಆದರೆ ಜನವರಿಯಲ್ಲಿ ಯಾವ ತೋಟವೂ ಚೆಂದ ಕಾಣುತ್ತದೆ. ಜಲಾಶಯದಲ್ಲಿ ನೀರಿರುತ್ತದೆ, ಬಿಸಿಲು ಎಳೆಯದಾಗಿರುತ್ತದೆ, ಚೆಂಡುಹೂವಿನ ಬಣ್ಣ ಇನ್ನೂ ಮಾಸಿರುವುದಿಲ್ಲ. ವರ್ಷಕ್ಕೆ ಸರಾಸರಿ 600 ಮಿ.ಮೀ. ಮಳೆಯೂ ಕಾಣದ ನಮ್ಮ ನೆಲದಲ್ಲಿ ಉದ್ಯಾನದ ಪರೀಕ್ಷೆ ನಡೆಯುವುದು ಏಪ್ರಿಲ್‌ನ ಮಧ್ಯಾಹ್ನ. ಆಗ ಹುಲ್ಲುಹಾಸು ಒಣಗಿ ನಾರಾಗಿರುತ್ತದೆ, ಕಾರಂಜಿಯ ತೊಟ್ಟಿಯಲ್ಲಿ ಧೂಳು. ಅದೇ ಹೊತ್ತಿಗೆ ಗುಡ್ಡದ ಬದಿಯಲ್ಲಿ ಯಾರೂ ನೀರು ಹಾಕದ ಕಕ್ಕೆಯ ಗಿಡ ಮೈತುಂಬ ಹಳದಿ ಹೂ ಇಳಿಬಿಟ್ಟು ನಿಂತಿರುತ್ತದೆ!

1908ರಲ್ಲಿ ಲಾಲ್‌ಬಾಗಿನ ಹೊಣೆ ಹೊತ್ತು ಬೆಂಗಳೂರಿಗೆ ಬಂದ ಜರ್ಮನಿಯ ತೋಟಗಾರ ಕ್ರುಂಬಿಗಲ್ ಅಲ್ಲಿನ ಬೀದಿಗಳಿಗೆ ಮರ ಆರಿಸುವಾಗ ಒಂದು ಲೆಕ್ಕ ಇಟ್ಟುಕೊಂಡಿದ್ದರು: ಒಂದು ಜಾತಿಯ ಹೂ ಉದುರುವಷ್ಟರಲ್ಲಿ ಇನ್ನೊಂದು ಅರಳಬೇಕು, ವರ್ಷದ ಯಾವ ತಿಂಗಳೂ ಊರು ಹೂವಿಲ್ಲದೆ ಇರಬಾರದು. ಅದಕ್ಕಾಗಿ ದೂರದ ನಾಡುಗಳ ಮರಗಳನ್ನೂ ತರಿಸಿದರು. ನಮಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಕೃಷ್ಣೆ ಮತ್ತು ಘಟಪ್ರಭೆಯ ನಡುವಿನ ಈ ನೆಲದಲ್ಲಿ ಅಂಥ ಸರದಿ ತಾನಾಗಿಯೇ ಇದೆ. ಕಾಮಣ್ಣನ ಹಬ್ಬಕ್ಕೆ ಮುತ್ತುಗ ಕೆಂಪಾಗುತ್ತದೆ. ಯುಗಾದಿಗೆ ಬೇವಿನ ಹೂ. ಬೇವು ಕಾಯಿಕಟ್ಟುವಾಗ ಹೊಂಗೆಯ ಹೊಸ ಎಲೆ ಕಣ್ಣು ಕೋರೈಸುವಂತೆ ಹೊಳೆಯುತ್ತದೆ. ಕಕ್ಕೆಯ ಹಿಂದೆಯೇ ಗುಲ್‌ಮೊಹರ್ ಬರುತ್ತದೆ. ಅದು ಮಡಗಾಸ್ಕರ್‌ನಿಂದ ಬಂದದ್ದಾದರೂ ಮೇ ತಿಂಗಳ ನಮ್ಮ ರಸ್ತೆಗಳಿಗೆ ಈಗ ಮನೆಯ ಗಿಡವೇ. ಮಿರಗದ ಮಳೆಗೆ ನೇರಳೆ ಹಣ್ಣು ಉದುರುತ್ತದೆ, ಹುಣಸೆ ಹೂ ಬಿಡುತ್ತದೆ. ಮಳೆಗಾಲ ತೀರುವ ಹೊತ್ತಿಗೆ ಬದುಗಳ ಮೇಲೆ ತಂಗಡಿ, ದೀಪಾವಳಿಯ ಆಚೀಚೆ ಆಕಾಶಮಲ್ಲಿಗೆ, ಎಳ್ಳ ಅಮಾವಾಸ್ಯೆಗೆ ಹೊಲದಲ್ಲಿ ಚರಗ ಚೆಲ್ಲುವಾಗ ಬಾರಿಹಣ್ಣು.

ಇದನ್ನು ಒಂದೇ ಜಾಗದಲ್ಲಿ ನೋಡಬೇಕೆನ್ನುವವರಿಗೆ ಜಮಖಂಡಿಯ ರಾಮತೀರ್ಥದ ಗುಡ್ಡ ಒಳ್ಳೆಯದು. 1811ರಿಂದ ನಡೆದುಬಂದ ಪಟವರ್ಧನರ ಸಂಸ್ಥಾನ 1948ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ಲೀನವಾಯಿತು. ಗುಡ್ಡದ ಮೇಲೆ ಅರಮನೆ ಉಳಿಯಿತು, ರಾಮೇಶ್ವರನ ಗುಡಿ ಉಳಿಯಿತು. ಅರಮನೆಯವರು ಊರನ್ನು ಬಿಟ್ಟು ಎತ್ತರಕ್ಕೆ ಹೋದದ್ದು ಗಾಳಿಗಾಗಿ ಎಂದು ನನಗೆ ಯಾವಾಗಲೂ ಅನಿಸುತ್ತದೆ. ಬೇಸಿಗೆಯ ಸಂಜೆ ಅಲ್ಲಿ ನಿಂತವರಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಶ್ರಾವಣದಲ್ಲಿ ಹೋದರೆ ಬಂಡೆಗಳ ಸಂದಿಯಲ್ಲೆಲ್ಲ ಹುಲ್ಲು. ಈ ಸೀಮೆ ಹಳೆಯದು ಎಂಬುದಕ್ಕೆ ಅರಮನೆಗಿಂತ ದೊಡ್ಡ ಸಾಕ್ಷಿ ಮುಧೋಳದ ಕವಿ ರನ್ನ. ಹತ್ತನೆಯ ಶತಮಾನದ ಆತ ತನ್ನ ಹುಟ್ಟೂರು ಮುದುವೊಳಲಿನ ಜೊತೆಗೆ ಜಂಬುಖಂಡಿಯನ್ನೂ ಹೆಸರಿಸಿದ್ದಾನೆ.

ಬೀಳಗಿಯ ಉದ್ಯಾನ ಬೇರೆ ಬಗೆಯದು. ಅದಕ್ಕೆ ಬೇಲಿಯಿಲ್ಲ, ಮಾಲಿಯಿಲ್ಲ. ಬೀಳಗಿ, ಮುಧೋಳ ತಾಲ್ಲೂಕುಗಳ ನಡುವಿನ ಯಡಹಳ್ಳಿ ಕುರುಚಲು ಕಾಡು ಈಗ ಚಿಂಕಾರ ವನ್ಯಧಾಮ, ಸುಮಾರು 96 ಚದರ ಕಿ.ಮೀ. ಬರಡು ನೆಲವೆಂದು ನಾವು ಹಗುರವಾಗಿ ನೋಡುತ್ತಿದ್ದ ಆ ಗುಡ್ಡಗಳಲ್ಲಿಯೇ ಈ ಪುಟ್ಟ ಜಿಂಕೆ ಬದುಕಿ ಬಂದಿದೆ. ಆಲಮಟ್ಟಿಯ ಹಿನ್ನೀರಿನದು ಇನ್ನೊಂದು ಕತೆ. 1964ರ ಮೇ 22ರಂದು ಲಾಲ್ ಬಹದ್ದೂರ್ ಶಾಸ್ತ್ರಿ ಅಡಿಗಲ್ಲಿಟ್ಟ ಆ ಅಣೆಕಟ್ಟಿನಲ್ಲಿ ಇಂದು 519.60 ಮೀಟರ್‌ವರೆಗೆ ನೀರು ನಿಲ್ಲುತ್ತದೆ. ಆ ನೀರಿನಡಿಯಲ್ಲಿ ಬೀಳಗಿ ತಾಲ್ಲೂಕಿನ ಹಳ್ಳಿಗಳಿವೆ, ಎರೆಹೊಲಗಳಿವೆ, ಮುದುಕರು ಕೂತು ಮಾತಾಡುತ್ತಿದ್ದ ಬೇವಿನ ಕಟ್ಟೆಗಳಿವೆ. ಬೇಸಿಗೆಯಲ್ಲಿ ನೀರು ಇಳಿದಾಗ ಹೆರಕಲ್, ಅನಗವಾಡಿಯ ಕಡೆ ಕೆಸರಿನ ಅಂಚಿಗೆ ರಾಜಹಂಸಗಳು ಬಂದಿಳಿಯುತ್ತವೆ. ಆಲಮಟ್ಟಿಯ ಹುಲ್ಲುಹಾಸಿಗೆ ಹಸಿರು ಬಂದದ್ದು ಈ ಮುಳುಗಡೆಯ ನೀರಿನಿಂದ ಎಂಬುದನ್ನು ಅಲ್ಲಿಗೆ ಹೋಗುವ ಮಕ್ಕಳಿಗೆ ಹೇಳಬೇಕು, ಹೆಸರು ಹಿಡಿದು, ಹಳ್ಳಿ ಹಳ್ಳಿಯಾಗಿ.

ನೀರನ್ನು ತಾವೇ ನಿಲ್ಲಿಸಿಕೊಂಡವರೂ ಇಲ್ಲಿದ್ದಾರೆ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಭಾಗದ ರೈತರು ತಮ್ಮದೇ ದುಡ್ಡು, ತಮ್ಮದೇ ದುಡಿಮೆಯಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಶ್ರಮಬಿಂದು ಸಾಗರ ಎಂದು ಅದಕ್ಕೆ ಹೆಸರಿಟ್ಟರು. ಹೊಳೆಯನ್ನೇ ತಡೆದು ನಿಲ್ಲಿಸಿದ ಸೀಮೆಗೆ ಊರಿಗೊಂದು ನೆರಳಿನ ತೋಟ ಬೆಳೆಸುವುದು ಆಗದ ಮಾತೇನಲ್ಲ. ಆ ನೀರೆಲ್ಲ ಕಬ್ಬಿಗೆ ಹೋಯಿತು. ಗಿಡಗಳಿಗೂ ಒಂದಿಷ್ಟು ಉಳಿಸಬೇಕಿತ್ತು ಎಂಬುದು ನನ್ನ ಕೊರಗು.

ನೆರಳು ಎಲ್ಲರಿಗಿಂತ ಹೆಚ್ಚಾಗಿ ಬೇಕಿರುವುದು ರಬಕವಿ-ಬನಹಟ್ಟಿಯಲ್ಲಿ. ಮನೆಮನೆಯಲ್ಲಿ ಮಗ್ಗದ ಸದ್ದು. ಸೀರೆ ನೇಯುವವರು ದಿನವಿಡೀ ಒಳಗೆ ಕೂತು, ನೂಲಿನ ಧೂಳು ಉಸಿರಾಡಿ, ಹೊರಗೆ ಬಂದರೆ ಬಿಸಿಲು ಕಾದ ಓಣಿ. ಅವರಿಗೆ ಬೇಕಿರುವುದು ಮಧ್ಯಾಹ್ನ ಗೇಟು ತೆರೆದಿರುವ ಜಾಗ, ಅಲ್ಲೊಂದು ಕಟ್ಟೆ, ಕುಡಿಯಲು ನೀರು. ಬೆಳಿಗ್ಗೆ ಎರಡು ತಾಸು, ಸಂಜೆ ಎರಡು ತಾಸು ತೆರೆದು ನಡುಹಗಲು ಬೀಗ ಹಾಕುವ ಉದ್ಯಾನ ವಾಕಿಂಗಿಗೆ ಬರುವವರಿಗೆ ಸರಿಹೋಗುತ್ತದೆ. ಊಟದ ಡಬ್ಬಿ ಹಿಡಿದು ಬರುವ ಕೂಲಿಯವಳಿಗೆ ಅದರಿಂದ ಉಪಯೋಗವಿಲ್ಲ.

ಮಿರಗ ಹತ್ತಿರ ಬಂದಾಗ ಸಸಿ ನೆಡುವ ಕಾರ್ಯಕ್ರಮಗಳು ನಾಲ್ಕೂ ತಾಲ್ಲೂಕುಗಳಲ್ಲಿ ನಡೆಯುತ್ತವೆ. ಆಗ ಅಲಂಕಾರದ ಗಿಡಗಳ ಬದಲು ಬೇವು, ಹೊಂಗೆ, ಹುಣಸೆ, ನೇರಳೆ, ಕಕ್ಕೆ, ಬನ್ನಿ ತರಲಿ. ಎಷ್ಟು ಸಸಿ ನೆಟ್ಟರು ಎಂಬುದರ ಜೊತೆಗೆ ಮೊದಲ ಮೂರು ಬೇಸಿಗೆ ಅವಕ್ಕೆ ಯಾರು ನೀರು ಹಾಕುತ್ತಾರೆ ಎಂಬುದನ್ನೂ ಅಂದೇ ಬರೆದಿಡಲಿ: ಯಾವ ಓಣಿಯ ಯಾವ ಮನೆ, ಯಾವ ಶಾಲೆಯ ಯಾವ ತರಗತಿ. ಮಾರ್ಚ್‌ನಲ್ಲಿ ಟ್ಯಾಂಕರ್ ಬರುವ ವಾರವನ್ನೂ ಅದರ ಕೆಳಗೇ ಗುರುತು ಹಾಕಲಿ.