ಕಾಪಾಡಿಸಿಕೊಳ್ಳುವ ಕಷ್ಟ

ಮನುಷ್ಯ ಮುದುಕನಾಗುವುದು ಯಾವಾಗ? ಈ ಪ್ರಶ್ನೆಗೆ ಒಬ್ಬೊಬ್ಬರದು ಒಂದೊಂದು ಉತ್ತರ. ಕಿವಿಯ ಬಳಿ ಮೊದಲ ನರೆಗೂದಲು ಕಂಡಾಗ ಎಂದು ಪುರಾಣದ ರಾಜರು ತಿಳಿಯುತ್ತಿದ್ದರಂತೆ. ಶಾಲು ಹೊದಿಸಿ, ಗಂಧದ ಹಾರ ಹಾಕಿ, ಕೈಗೊಂದು ಗಡಿಯಾರ ಕೊಟ್ಟು ಕಳುಹಿಸಿದ ದಿನ ಎಂದು ಕಚೇರಿಯವರು ತಿಳಿಯುತ್ತಾರೆ. ಸಿಟಿ ಬಸ್ಸಿನಲ್ಲಿ ಕಾಲೇಜಿನ ಹುಡುಗಿಯೊಬ್ಬಳು ಎದ್ದು ನಿಂತು "ಕೂತ್ಕೊಳ್ಳಿ ತಾತ" ಎಂದ ದಿನ ಎಂಬುದು ನನ್ನ ಸ್ವಂತ ಅನುಭವ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರದಿಂದಲೂ ಇದಕ್ಕೊಂದು ಉತ್ತರ ಬಂದಿತು. 65 ವರ್ಷ ಮೀರಿದವರು, ಬೇರೆ ಕಾಯಿಲೆಗಳಿರುವವರು, ಗರ್ಭಿಣಿಯರು, 10 ವರ್ಷದೊಳಗಿನ ಮಕ್ಕಳು—ಇವರೆಲ್ಲ ತೀರ ಅಗತ್ಯವಿದ್ದರೆ ಅಥವಾ ಆಸ್ಪತ್ರೆಯ ಕೆಲಸವಿದ್ದರೆ ಹೊರತು ಮನೆ ಬಿಟ್ಟು ಹೊರಡತಕ್ಕದ್ದಲ್ಲ. ಆಗ ನನಗೆ 74. ನನ್ನ ಮೊಮ್ಮಗಳಿಗೆ 8. ಇಬ್ಬರೂ ಒಂದೇ ವಾಕ್ಯದಲ್ಲಿ ಸಿಕ್ಕಿಕೊಂಡಿದ್ದೆವು. ಅವಳಿಗೆ ಇದರಿಂದ ಬಹಳ ಸಂತೋಷವಾಯಿತು.

ಆಜ್ಞೆ ತಪ್ಪೆಂದು ವಾದಿಸುವವನು ನಾನಲ್ಲ. ನಮ್ಮ ದೇಶದಲ್ಲಿ ಕೊರೊನಾ ಬೇನೆಗೆ ಮೊದಲು ಬಲಿಯಾದವರು ನಮ್ಮ ಕಲಬುರಗಿಯ ಹಿರಿಯರೊಬ್ಬರು. 2020ರ ಮಾರ್ಚ್ 10ರಂದು ತೀರಿಕೊಂಡರು, ವಯಸ್ಸು 76. ಆ ಸುದ್ದಿಯನ್ನು ಓದಿದಾಗ ನಾನು ಮಾಡಿದ ಮೊದಲ ಕೆಲಸ ಒಂದು ಕಳೆಯುವ ಲೆಕ್ಕ. ಎಪ್ಪತ್ತಾರರಲ್ಲಿ ಎಪ್ಪತ್ತನಾಲ್ಕು ಹೋದರೆ ಎರಡು. ನನ್ನ ವಾರಿಗೆಯವರೆಲ್ಲ ಆ ದಿನ ಇದೇ ಲೆಕ್ಕ ಮಾಡಿದ್ದಾರು. ವಯಸ್ಸು ಏರಿದಂತೆಲ್ಲ ಅಪಾಯ ಏರುತ್ತದೆಂದು ವೈದ್ಯರು ಹೇಳಿದ್ದು ನಿಜವೇ ಆಗಿತ್ತು. ಆದ್ದರಿಂದ "ಒಳಗಿರಿ" ಎಂಬ ಮಾತಿಗೆ ಆಧಾರವಿತ್ತು. ನನ್ನನ್ನು ಕಾಡಿದ ಪ್ರಶ್ನೆ ಬೇರೆ. ಒಬ್ಬನ ಪ್ರಾಣವನ್ನು ಕಾಪಾಡುವ ಭರದಲ್ಲಿ ಅವನನ್ನು ಒಂದು ಮಾತೂ ಕೇಳದೆ ಇರಬಹುದೆ? ಅವನಿಗೆ ಉಳಿದಿರುವ ಆಯುಷ್ಯ ಯಾರ ಸ್ವತ್ತು?

ಮನೆಯ ಆಡಳಿತವೆಲ್ಲ ಮೊದಲ ವಾರದಲ್ಲಿಯೇ ಮಗನ ಕೈಗೆ ಹೋಯಿತು. ಬಾಗಿಲ ಬಳಿ ಒಂದು ಬಕೀಟು, ಒಂದು ಸೋಪು. ಹಾಲಿನ ಪ್ಯಾಕೆಟ್ಟಿಗೆ ಸ್ನಾನ, ತರಕಾರಿಗೆ ಉಪ್ಪುನೀರು. ದಿನಪತ್ರಿಕೆ ಮಹಡಿಯ ಮೇಲೆ ಮೂರು ಗಂಟೆ ಬಿಸಿಲು ಕಾಯಿಸಿಕೊಂಡ ಮೇಲೆಯೇ ನನ್ನ ಕೈಗೆ ಬರುತ್ತಿತ್ತು—ಹಪ್ಪಳದ ಹಾಗೆ ಗರಿಗರಿಯಾಗಿ. ಬೆಳಗಿನ ಹಾಲಿಗೆ ಹೋಗುವುದು, ಬರುವಾಗ ಗಾಂಧಿಬಜಾರಿನಲ್ಲಿ ಎರಡು ಮೊಳ ಹೂವು ತರುವುದು, ಸಂಜೆ ಪಾರ್ಕಿನ ಕಲ್ಲುಬೆಂಚಿನ ಮೇಲೆ ನಾವು ಆರು ಜನ ಕುಳಿತು ಲೋಕವನ್ನು ತಿದ್ದುವುದು—ನಿವೃತ್ತನ ದಿನವೆಂದರೆ ಇಷ್ಟೇ ತಾನೆ? ಇಷ್ಟೂ ಒಂದೇ ಏಟಿಗೆ ನಿಂತುಹೋಯಿತು. ಒಂದು ದಿನ ನನ್ನ ಚಪ್ಪಲಿ ಬಾಗಿಲ ಬಳಿಯಿಂದ ಮಾಯವಾಗಿ, ಮಂಚದ ಕೆಳಗೆ ಗೋಡೆಗೆ ಒತ್ತಿಕೊಂಡು ಕುಳಿತಿದ್ದುದು ಕಂಡಿತು. ಯಾರು ಅಲ್ಲಿಟ್ಟರೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ನನ್ನ ಗೊಣಗಾಟ ಒಂದು ವಾರ ನಡೆದ ಮೇಲೆ ನನ್ನಾಕೆ ಸೊಪ್ಪು ಬಿಡಿಸುತ್ತ, ತಲೆ ಎತ್ತದೆ, ಒಂದು ಮಾತು ಹೇಳಿದಳು: "ನಲವತ್ತೆಂಟು ವರ್ಷದಿಂದ ನಾನು ಇದೇ ಮನೆಯೊಳಗೆ ಇದೀನಿ. ನನಗೆ ಯಾವ ಸರ್ಕಾರವೂ ಹೇಳಿರಲಿಲ್ಲ." ಇದಕ್ಕೆ ಉತ್ತರವಿದ್ದೀತೆ? ಅವಳ ಪಾಲಿಗೆ ಆ ಮಾರ್ಚ್ 25ರಂದು ಬದಲಾದದ್ದು ಒಂದೇ: ಮನೆಯಲ್ಲಿ ದಿನವಿಡೀ ಗಂಡಸರು ಇರತೊಡಗಿದ್ದರು, ಕಾಫಿಯ ಲೆಕ್ಕ ಏರಿತ್ತು. ಕೇಳದೆ ಕಾಪಾಡುವುದರ ವಿಷಯ ನಾನು ಆಗ ಯೋಚಿಸಲು ಹೊರಟಿದ್ದೆ; ನಮ್ಮ ಮನೆಯ ಹೆಂಗಸರು ಆ ವಿಷಯದಲ್ಲಿ ಎಂದೋ ಪಂಡಿತರು.

ಮೊದಲು ನನಗೆ ತೋರಿದ ವಾದ ತೀರ ಸುಲಭದ್ದು: ನನ್ನ ಪ್ರಾಣ, ನನ್ನ ಇಷ್ಟ. ಇದು ಬಹಳ ಹೊತ್ತು ನಿಲ್ಲಲಿಲ್ಲ. ಛತ್ರಿಯಿಲ್ಲದೆ ಮಳೆಯಲ್ಲಿ ಹೋದರೆ ನೆನೆಯುವವನು ನಾನೊಬ್ಬ. ಈ ಬೇನೆ ಹಾಗಲ್ಲ. ನಾನು ಪಾರ್ಕಿನಿಂದ ತಂದದ್ದು ಮೊದಲು ನನ್ನಾಕೆಗೆ, ಆಮೇಲೆ ಸೊಸೆಗೆ, ಪಾತ್ರೆ ತೊಳೆಯಲು ಬರುವಾಕೆಗೆ, ಅವಳಿಂದ ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಅವಳ ಮನೆಗೆ. ನನಗೆ ಉಸಿರು ಕಟ್ಟಿದರೆ ಆಸ್ಪತ್ರೆಯಲ್ಲಿ ಒಂದು ಹಾಸಿಗೆ ಬೇಕು. ಅದನ್ನು ಹುಡುಕಿಕೊಂಡು ಮಗ ಅಲೆಯಬೇಕು. ಮುದುಕನ ಹಟಕ್ಕೆ ಬೆಲೆ ತೆರುವವರು ಬೇರೆಯವರು. ಹಾಗೆಂದು ಒಪ್ಪಿಕೊಂಡೇ ನಾನು ಒಳಗೆ ಉಳಿದದ್ದು. ಮಗ ಒಂದು ಸಲ ಎದುರಿಗೆ ಕುಳಿತು ಇಷ್ಟನ್ನು ಹೇಳಿದ್ದರೆ, ಚಪ್ಪಲಿ ಬಾಗಿಲಲ್ಲಿಯೇ ಇದ್ದರೂ ನಾನು ಹೋಗುತ್ತಿರಲಿಲ್ಲ. ಇಷ್ಟು ಜಮಾಖರ್ಚು ನೋಡಿದವನಿಗೆ ಇಷ್ಟು ಲೆಕ್ಕ ತಿಳಿಯದೆ?

ಮಡಿಯ ವಿಷಯವನ್ನೂ ಇಲ್ಲಿ ಹೇಳಿಬಿಡಬೇಕು. ನಮ್ಮ ಹಿರಿಯರು ಮಾಡುತ್ತಿದ್ದುದನ್ನೇ ಈಗ ವಿಜ್ಞಾನ ಹೇಳುತ್ತಿದೆಯೆಂದು ಫೋನಿನಲ್ಲಿ ಬಂದ ಸಂದೇಶಗಳಿಗೆ ಮಿತಿಯಿರಲಿಲ್ಲ. ಅಜ್ಜಿಯ ಮಡಿಯನ್ನು ನಾನು ಕಣ್ಣಾರೆ ಕಂಡಿದ್ದೇನೆ. ಅದು ರೋಗಾಣುವಿಗೆ ಹೆದರಿದ ಮಡಿಯಲ್ಲ. ಹುಟ್ಟಿಗೆ ಹೆದರಿದ ಮಡಿ. ಕೆಲಸದಾಕೆಯ ಲೋಟವನ್ನು ಮತ್ತೆ ಹಿತ್ತಲಿಗೆ ಕಳುಹಿಸಲು ಕೆಲವರಿಗೆ ಈ ಬೇನೆ ಒಂದು ನೆಪವಾಯಿತು ಎಂಬುದನ್ನು ನಮ್ಮ ಬೀದಿಯಲ್ಲಿಯೇ ನೋಡಿದೆ. ಸೋಪನ್ನು ಹೊಗಳಿದರೆ ಸಾಕು. ಮಡಿಯನ್ನು ಎಳೆದು ತರಬೇಕಾಗಿಲ್ಲ.

ಆದರೆ ಅಜ್ಜಿ ಹೇಳುತ್ತಿದ್ದ ಇನ್ನೊಂದು ಸಂಗತಿ ಆ ದಿನಗಳಲ್ಲಿ ಮತ್ತೆ ಮತ್ತೆ ನೆನಪಾಯಿತು. ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ನಮ್ಮ ಬಸವನಗುಡಿ, ಆ ಕಡೆಯ ಮಲ್ಲೇಶ್ವರ, ಈ ಬಡಾವಣೆಗಳು ಬೆಳೆದುದಕ್ಕೆ ಆ ಮಾರಿಯೂ ಒಂದು ಕಾರಣ. ಆಗಿನ ಕಾಲದಲ್ಲಿ ಇಲಿ ಬಿದ್ದಿತೆಂದರೆ ಊರಿಗೆ ಊರೇ ಬಾಗಿಲು ಹಾಕಿಕೊಂಡು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿತ್ತು. ಆಗ ಮನೆ ಬಿಟ್ಟು ಹೊರಗೆ ಹೋದರೆ ಜೀವ. ಈಗ ಹೊರಗು ಬಿಟ್ಟು ಮನೆಯೊಳಗಿದ್ದರೆ ಜೀವ. ಆಮೇಲೆ 1918ರ ಇನ್‌ಫ್ಲುಯೆಂಜಾ. ನಮ್ಮ ದೇಶದಲ್ಲಿ ಅದಕ್ಕೆ ಸತ್ತವರು ಒಂದು ಕೋಟಿಗೂ ಹೆಚ್ಚೆಂದು ಅಂದಾಜು. ಆ ಜ್ವರದ ವಿಚಿತ್ರವೆಂದರೆ ಅದು ಆರಿಸಿಕೊಂಡದ್ದು ಹೆಚ್ಚಾಗಿ ಇಪ್ಪತ್ತರಿಂದ ನಲವತ್ತರ ವಯಸ್ಸಿನವರನ್ನು. ಅಜ್ಜಿಯ ಇಬ್ಬರು ಮೈದುನರು ಒಂದೇ ವಾರದಲ್ಲಿ ಹೋದರು. ಅವರ ತಂದೆ, ಹಲ್ಲಿಲ್ಲದ ಮುದುಕ, ಜಗಲಿಯ ಮೇಲೆ ಹಾಗೆಯೇ ಉಳಿದರು. "ನನ್ನನ್ನ ಬಿಟ್ಟು ಅವರನ್ನ ಯಾಕೆ" ಎಂದು ಸಾಯುವವರೆಗೂ ಕೇಳುತ್ತಿದ್ದರಂತೆ. 2020ರಲ್ಲಿ ನಮ್ಮ ವಾರಿಗೆಯವರಿಗೆ ಕನಿಷ್ಠಪಕ್ಷ ಆ ಪ್ರಶ್ನೆ ಕೇಳುವ ಪ್ರಸಂಗ ಬರಲಿಲ್ಲ. ಬೇನೆ ಸರದಿಯಂತೆ ಬಂದಿತ್ತು ಎನ್ನಬಹುದು.

ಸರದಿಯ ಈ ಮಾತನ್ನು ನಮ್ಮ ಕಲ್ಲುಬೆಂಚಿನ ರಾಯರು ಬೇರೊಂದು ರೀತಿಯಲ್ಲಿ ಹಿಡಿದರು. ಬೆಂಚು ಹೋದ ಮೇಲೆ ನಮ್ಮ ಸಭೆ ಸಂಜೆ ಐದಕ್ಕೆ ಫೋನಿನಲ್ಲಿ ಸೇರುತ್ತಿತ್ತು. ಆರು ಮುಖಗಳಲ್ಲಿ ಎರಡರ ಹಣೆ ಮಾತ್ರ ಕಾಣುತ್ತಿತ್ತು, ಒಂದು ಯಾವಾಗಲೂ ತಲೆಕೆಳಗು. ರಾಯರು ಒಂದು ದಿನ ಅಂದರು: "ನಾವು ಪಂಕ್ತಿಯಲ್ಲಿ ಮಜ್ಜಿಗೆ ಅನ್ನದವರೆಗೆ ಬಂದವರು ಸ್ವಾಮಿ. ಪಾಯಸ ಆಯಿತು, ಹೋಳಿಗೆ ಆಯಿತು. ಹಿಂದೆ ಎರಡನೆಯ ಪಂಕ್ತಿ ಕಾದು ನಿಂತಿದೆ. ಆಸ್ಪತ್ರೆಯಲ್ಲಿ ಇರುವುದು ಒಂದೇ ಹಾಸಿಗೆಯಾದರೆ ಎಲೆ ಬಿಟ್ಟು ಏಳಬೇಕಾದವರು ನಾವು." ಎಲ್ಲರೂ ತಲೆದೂಗಿದೆವು. ತಲೆಕೆಳಗಾಗಿದ್ದವರು ಕೂಡ ದೂಗಿರಬೇಕು.

ಆ ಮಾತು ಅಷ್ಟು ಹಗುರವಾದದ್ದಲ್ಲ. 2020ರ ಮಾರ್ಚ್ ತಿಂಗಳಲ್ಲಿ ಇಟಲಿಯ ಅರಿವಳಿಕೆ ಮತ್ತು ತೀವ್ರನಿಗಾ ವೈದ್ಯರ ಸಂಘ, ಹಾಸಿಗೆಗಳು ಸಾಲದೆ ಹೋದರೆ ತೀವ್ರನಿಗಾ ಘಟಕಕ್ಕೆ ಸೇರಿಸಿಕೊಳ್ಳುವುದಕ್ಕೆ ವಯಸ್ಸಿನ ಒಂದು ಮಿತಿಯನ್ನು ಹಾಕಬೇಕಾಗಿ ಬರಬಹುದೆಂದು ಬರೆಯಿತು. ಅದನ್ನು ಬರೆದವರು ಕಟುಕರಲ್ಲ. ಹಗಲೂ ರಾತ್ರಿ ರೋಗಿಗಳ ಮಧ್ಯೆ ನಿಂತವರು. ಅದೇ ತಿಂಗಳು ಅಮೆರಿಕದ ಟೆಕ್ಸಾಸ್ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಒಬ್ಬರು, ದೇಶದ ವ್ಯಾಪಾರ ನಿಲ್ಲದಿರುವುದಕ್ಕಾಗಿ ಅಜ್ಜ ಅಜ್ಜಿಯರು ಅಪಾಯಕ್ಕೆ ಒಡ್ಡಿಕೊಳ್ಳಲು ಸಿದ್ಧರಿದ್ದಾರೆಂಬ ಅರ್ಥದ ಮಾತಾಡಿದರು. ಅವರಿಗೂ ಆಗ ಎಪ್ಪತ್ತು ಸಮೀಪಿಸಿತ್ತು. ತನ್ನ ಎಲೆಯನ್ನು ತಾನು ಬಿಟ್ಟೇನು ಎಂದರೆ ನಮಸ್ಕಾರ ಮಾಡೋಣ. ಆದರೆ ಆ ಸಾಲಿನವರೆಲ್ಲರ ಪರವಾಗಿ ಎದ್ದೇವೆಂದು ಹೇಳುವ ಅಧಿಕಾರವನ್ನು ಅವರಿಗೆ ಕೊಟ್ಟವರಾರು? ಪಂಕ್ತಿಯಲ್ಲಿ ತಾನಾಗಿ ಏಳುವವನಿದ್ದಾನೆ. ಬಡಿಸುವವನು ಬಂದು ರಟ್ಟೆ ಹಿಡಿದು ಎಬ್ಬಿಸುವುದೂ ಉಂಟು. ನೋಡುವವರಿಗೆ ಎರಡು ಕಡೆಯೂ ಕಾಣುವುದು ಒಂದು ಖಾಲಿ ಎಲೆ. ಎದ್ದವನಿಗೆ ಮಾತ್ರ ಗೊತ್ತು ವ್ಯತ್ಯಾಸ. "ನೀವು ಬದುಕಲೇಬೇಕು, ಒಳಗಿರಿ" ಎಂದವರೂ, "ನೀವು ಬದುಕಿದ್ದು ಸಾಕು, ಏಳಿ" ಎಂದವರೂ ಒಂದು ವಿಷಯದಲ್ಲಿ ಸಮಾನರು: ಇಬ್ಬರೂ ನಮ್ಮನ್ನು ಕೇಳಲಿಲ್ಲ.

ಕೇಳಿದ ಒಂದು ಪ್ರಸಂಗವನ್ನು ಹೇಳುತ್ತೇನೆ. ಮಹಾರಾಷ್ಟ್ರದಲ್ಲಿ ಸಿನಿಮಾ ಮತ್ತು ಟೆಲಿವಿಷನ್ ಚಿತ್ರೀಕರಣ ಮತ್ತೆ ಆರಂಭವಾದಾಗ, 65 ಮೀರಿದವರು ಅಲ್ಲಿಗೆ ಬರಕೂಡದೆಂದು ಸರ್ಕಾರ ನಿಯಮ ಮಾಡಿತು. 70 ವರ್ಷದ ನಟರೊಬ್ಬರು ಬೊಂಬಾಯಿಯ ಹೈಕೋರ್ಟಿಗೆ ಹೋದರು. ಚಿಕ್ಕಪುಟ್ಟ ಪಾತ್ರ ಮಾಡಿ ಹೊಟ್ಟೆ ಹೊರೆಯುವವರು. ಒಳಗೆ ಕುಳಿತರೆ ಊಟ ಹಾಕುವವರು ಯಾರು? 2020ರ ಆಗಸ್ಟ್ 7ರಂದು ನ್ಯಾಯಾಲಯ ಆ ನಿಯಮವನ್ನು ತೆಗೆದುಹಾಕಿತು. ಪಿಂಚಣಿ ಬರುವವನಿಗೆ ಒಳಗಿರುವುದು ಬೇಸರ. ಬಾರದವನಿಗೆ ಅದು ಉಪವಾಸ. ಬೇಸರದ ವಿಷಯ ಇಷ್ಟು ಬರೆಯುವ ನನ್ನಂಥವರು ಇದನ್ನು ಮರೆಯಬಾರದು. ನಮ್ಮ ಬೀದಿಗೆ ತಳ್ಳುಗಾಡಿಯಲ್ಲಿ ಸೊಪ್ಪು ತರುತ್ತಿದ್ದಾತನಿಗೂ ಎಪ್ಪತ್ತರ ಮೇಲಾಗಿತ್ತು. ನಾನು ಒಳಗೆ ಕ್ಷೇಮವಾಗಿದ್ದೆನೆಂದರೆ ಅವನು ಹೊರಗಿದ್ದನೆಂದು ಅರ್ಥ.

ಪಿಂಚಣಿಯ ಮಾತು ಬಂದದ್ದರಿಂದ ಇದೂ ಇರಲಿ. ಪ್ರತಿ ನವೆಂಬರಿನಲ್ಲಿಯೂ ನಾವು ಬದುಕಿದ್ದೇವೆಂದು ಬ್ಯಾಂಕಿಗೆ ಪ್ರಮಾಣಪತ್ರ ಕೊಡಬೇಕಷ್ಟೆ. ಆ ವರ್ಷ ಕೇಂದ್ರದ ಪಿಂಚಣಿದಾರರಿಗೆ ವಾಯಿದೆ ಮುಂದೆ ಹೋಯಿತು. ಬದುಕಿರುವುದಕ್ಕಾಗಿ ಒಳಗಿರಬೇಕು, ಬದುಕಿದ್ದೇವೆಂದು ತೋರಿಸುವುದಕ್ಕಾಗಿ ಹೊರಗೆ ಹೋಗಬೇಕು—ಈ ಸಂಕಟದಿಂದ ನಮ್ಮನ್ನು ಪಾರುಮಾಡಿದವರು ಪುಣ್ಯವಂತರು.

ಅಕ್ಟೋಬರಿನಲ್ಲಿ ನಮ್ಮ ಆರು ಮುಖಗಳು ಐದಾದವು. ಕೊರೊನಾ ಅಲ್ಲ, ಹೃದಯ. ಐವತ್ತು ವರ್ಷದ ಸ್ನೇಹ. ಮನೆ ನಮ್ಮಲ್ಲಿಂದ ಎರಡು ಮೈಲಿಯೂ ಇಲ್ಲ. ಶವಸಂಸ್ಕಾರಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚು ಸೇರಕೂಡದೆಂಬ ನಿಯಮ ಅವರ ಮನೆಯವರ ತಲೆಯಲ್ಲಿ ಗಟ್ಟಿಯಾಗಿ ಕುಳಿತಿತ್ತು. ಮಕ್ಕಳು, ಅಳಿಯಂದಿರು, ತಮ್ಮಂದಿರು ಸೇರಿದರೆ ಇಪ್ಪತ್ತು ತುಂಬುವುದು ಎಷ್ಟು ಹೊತ್ತು? ಸ್ನೇಹಿತನಿಗೆ ಆ ಪಟ್ಟಿಯಲ್ಲಿ ಸ್ಥಳವಿಲ್ಲ. ಮಗ ಫೋನನ್ನು ಸಕ್ಕರೆ ಡಬ್ಬಿಗೆ ಒರಗಿಸಿ ನಿಲ್ಲಿಸಿ ಕೊಟ್ಟ. ಚಿತ್ರ ನಡುನಡುವೆ ನಿಂತುಹೋಗುತ್ತಿತ್ತು. ಬೆಂಕಿ ಇಡುವ ಹೊತ್ತಿಗೆ ಪೂರ್ತಿ ನಿಂತು, ಅವನ ಹಿರಿಯ ಮಗನ ಎತ್ತಿದ ಕೈ ಹಾಗೆಯೇ ಗಾಳಿಯಲ್ಲಿ ಉಳಿಯಿತು. ಆ ಹೊತ್ತು ಮಗ ಏನೂ ಹೇಳದೆ ನನ್ನ ಪಕ್ಕದಲ್ಲಿ ಕುಳಿತಿದ್ದ.

2021ರ ಮಾರ್ಚ್ 1ರಿಂದ 60 ಮೀರಿದವರಿಗೆ ಲಸಿಕೆ ಹಾಕತೊಡಗಿದರು. ಒಂದು ವರ್ಷ ನಮ್ಮನ್ನು ಹಿಂದೆ ನೂಕಿದ ವಯಸ್ಸು ಈಗ ಮುಂದೆ ನೂಕಿತು. ಮೊದಲ ದಿನವೇ ಸಾಲಿನಲ್ಲಿ ನನಗಿಂತ ಮುಂದೆ ನಿಂತಿದ್ದವರು ಯಾರೆಂದುಕೊಂಡಿರಿ? ಮಜ್ಜಿಗೆ ಅನ್ನದ ರಾಯರು! ಕುರ್ಚಿಯನ್ನೂ ಮನೆಯಿಂದ ತಂದಿದ್ದರು. ಇದನ್ನು ಕಂಡು ನಗುವವರು ನಗಲಿ. ನನಗೆ ಇದರಲ್ಲಿ ವಿರೋಧ ಕಾಣಲಿಲ್ಲ. ಬೇಕಾದರೆ ಎದ್ದೇನು ಎನ್ನುವವನು ಅದುವರೆಗೂ ರುಚಿಯಾಗಿ ಉಣ್ಣಬಾರದೆಂದು ಎಲ್ಲಿದೆ? ನನ್ನ ತೋಳಿನಲ್ಲಿ ಬಾಲ್ಯದ ಸಿಡುಬಿನ ಲಸಿಕೆಯ ಎರಡು ದುಂಡು ಕಲೆಗಳಿವೆ. ಅದರ ಮೇಲೆಯೇ ಚುಚ್ಚಿದರು.

ಅಷ್ಟರಲ್ಲಿ ಎರಡನೆಯ ಅಲೆ. ಆ ಏಪ್ರಿಲ್, ಮೇ ತಿಂಗಳುಗಳಲ್ಲಿ ಬೆಂಗಳೂರಿನಲ್ಲಿದ್ದವರಿಗೆ ಅದರ ವರ್ಣನೆ ಬೇಕಾಗಿಲ್ಲ. ಈ ಸಲ ಸರದಿಯ ಮಾತು ಸುಳ್ಳಾಯಿತು. ನಲವತ್ತರವರು, ಐವತ್ತರವರು ಹೋದರು. ನಮ್ಮ ಮನೆಯಲ್ಲಿ ಮಲಗಿದವನು ಮಗ. ಎರಡು ದಿನ ಕಳೆದು ಸೊಸೆಯೂ ಮಲಗಿದಳು. ಮಹಡಿಯ ಕೋಣೆಯ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಕೆಮ್ಮು, ಮತ್ತು "ಅಪ್ಪಾ, ನೀವು ಮೆಟ್ಟಲು ಹತ್ತಬೇಡಿ" ಎಂಬ ಕೂಗು. ಬೆಳಗ್ಗೆ ಆರರಿಂದ ಹತ್ತರವರೆಗೆ ಮಾತ್ರ ದಿನಸಿ ಅಂಗಡಿ. ನಾನು ಎರಡು ಮಾಸ್ಕ್ ಕಟ್ಟಿಕೊಂಡು ಹಾಲಿಗೆ ಹೋದೆ, ಔಷಧದ ಅಂಗಡಿಯ ಸಾಲಿನಲ್ಲಿ ನಿಂತೆ, ಆಕ್ಸಿಮೀಟರಿಗಾಗಿ ಮೂರು ಅಂಗಡಿ ತಿರುಗಿದೆ. ಎಪ್ಪತ್ತೈದರ ಮುದುಕನೆಂದು ನನ್ನನ್ನು ತಡೆಯುವವರು ಯಾರೂ ಇರಲಿಲ್ಲ. ತಡೆಯುವವನು ಬಾಗಿಲ ಆಚೆ ಮಲಗಿದ್ದ. ಭಯವಾಗಲಿಲ್ಲವೆಂದಲ್ಲ. ಆದರೆ ಆ ಹದಿನೈದು ದಿನ ಮಂಡಿಯ ನೋವು ನನ್ನ ನೆನಪಿಗೆ ಬಂದದ್ದಿಲ್ಲ.

ದಿನಕ್ಕೆ ನಾಲ್ಕು ಸಲ ಬಾಗಿಲ ಹೊರಗೆ ನಿಂತು ಕೇಳುತ್ತಿದ್ದೆ: "ಎಷ್ಟು?" ಒಳಗಿನಿಂದ ಉತ್ತರ: "ತೊಂಬತ್ತೈದು." ತೊಂಬತ್ಮೂರು ಎಂದ ರಾತ್ರಿ ನಾನು ಮೆಟ್ಟಲ ಮೇಲೆಯೇ ಕುಳಿತು ಬೆಳಗು ಮಾಡಿದೆ. ಕೆಳಗೆ ಹೋಗಿ ಮಲಗಬೇಕೆಂದು ಅವನು ಒಳಗಿನಿಂದ ಗದರಿಸಿದ. ಫೋನು ನೋಡಿ ಕಣ್ಣು ಕೆಡಿಸಿಕೊಳ್ಳಬೇಡವೆಂದು ನಾನು ಹೊರಗಿನಿಂದ ಗದರಿಸಿದೆ. ನನ್ನಾಕೆ ಮಾಡಿದ ಮೆಣಸಿನ ಕಷಾಯ ಅವನಿಗೆ ಸೇರದೆಂದು ಇಬ್ಬರಿಗೂ ಗೊತ್ತು. ಬೇಕೆ ಎಂದು ಕೇಳದೆ ಬಾಗಿಲಲ್ಲಿ ಇಟ್ಟು ಬರುತ್ತಿದ್ದೆ. ಲೋಟ ಖಾಲಿಯಾಗಿಯೇ ಹೊರಗೆ ಬರುತ್ತಿತ್ತು. ಕುಡಿಯುತ್ತಿದ್ದನೋ ಬಚ್ಚಲಿಗೆ ಸುರಿಯುತ್ತಿದ್ದನೋ, ನಾನು ವಿಚಾರಿಸಲಿಲ್ಲ.

ಇಬ್ಬರೂ ಎದ್ದು ಓಡಾಡುವಂತಾದರು. ಜುಲೈ ತಿಂಗಳ ಒಂದು ಸಂಜೆ ಮಗ ಕಾಫಿ ಲೋಟ ಹಿಡಿದು ನನ್ನ ಕುರ್ಚಿಯ ಬಳಿ ಬಂದು ನಿಂತ. ಪಾರ್ಕು ತೆರೆದಿತ್ತು. "ಅಪ್ಪಾ, ಹೋಗಿಬರ್ತೀರಾ, ಇನ್ನೂ ಸ್ವಲ್ಪ ದಿನ ನೋಡೋಣವಾ? ನಿಮಗೆ ಹೇಗನ್ನಿಸುತ್ತೆ?" ಎಂದು ಕೇಳಿದ. ನಾನು ಕಿಟಕಿಯ ಹೊರಗೆ ನೋಡಿದೆ. ಜಡಿಮಳೆ ಹಿಡಿಯುವ ಹಾಗಿತ್ತು. ಇವತ್ತು ಬೇಡ, ನಾಳೆ ನೋಡೋಣ ಎಂದೆ.