ಹೊರಡುವ ಮುನ್ನ ಅಮ್ಮನಿಗೆ ಹೇಳಬೇಕಾದ ಮಾತು


*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ಕಳೆದ ವಾರ ಬಳಗದಲ್ಲಿ ಬಂದ ಒಂದು ಪ್ರಶ್ನೆಗೆ ಬಹಳ ಮಂದಿ ಉತ್ತರ ಕೊಟ್ಟಿದ್ದೀರಿ. ಹೆಬ್ಬೆರಳು ಎತ್ತಿ ತೋರಿಸಿ ಸುಮ್ಮನಾದವರು ಅದಕ್ಕಿಂತ ಹೆಚ್ಚು. ಪ್ರಶ್ನೆ ನೋಡದವರಿಗಾಗಿ ಇನ್ನೊಮ್ಮೆ ಹೇಳುತ್ತೇನೆ.

ನಮ್ಮ ಯುವ ಮಿತ್ರರೊಬ್ಬರು ತಮ್ಮ 350 ಸಿಸಿ ಬೈಕಿನಲ್ಲಿ ಲಂಡನ್ನಿಗೆ ಹೊರಟಿದ್ದಾರೆ. ಮೈಸೂರಿನಿಂದ ಮುಂಬೈವರೆಗೆ ರಸ್ತೆ, ಅಲ್ಲಿಂದ ಬೈಕು ಹಡಗಿನಲ್ಲಿ ದುಬೈಗೆ, ಕೊಲ್ಲಿ ದಾಟಿ ಇರಾನ್, ಆಮೇಲೆ ಟರ್ಕಿ, ಯುರೋಪು. ಕೊನೆಗೆ ತಲುಪಬೇಕಾದ ವಿಳಾಸ 10, ಕಿಂಗ್ ಹೆನ್ರೀಸ್ ರೋಡ್. ಬಾಬಾಸಾಹೇಬರು ಲಂಡನ್ನಿನಲ್ಲಿ ಓದುವಾಗ 1921-22ರಲ್ಲಿ ಇದ್ದ ಮನೆ ಅದು. 2015ರಲ್ಲಿ ಮಹಾರಾಷ್ಟ್ರ ಸರ್ಕಾರ ಅದನ್ನು ಕೊಂಡು ಸ್ಮಾರಕ ಮಾಡಿತು. ಆ ಹೊಸ್ತಿಲಿಗೆ ತಲೆ ಮುಟ್ಟಿಸಿ ಬರಬೇಕು ಎನ್ನುವುದು ಈ ಹುಡುಗನ ಆಸೆ. ಹೋಗಿಬರಲು ನಾಲ್ಕು ತಿಂಗಳು.

ಮನೆಯಲ್ಲಿರುವುದು ತಾಯಿ ಒಬ್ಬರೇ. ಅವರಿಗೆ ಬಿ.ಪಿ. ಇದೆ. ಆದ್ದರಿಂದ "ನೇಪಾಳಕ್ಕೆ ಹೋಗಿ ಲುಂಬಿನಿ ನೋಡಿಕೊಂಡು ಬರ್ತೀನಮ್ಮ" ಎಂದಷ್ಟೇ ಹೇಳಿದ್ದಾರೆ. ಅವರು ನಮ್ಮನ್ನು ಕೇಳಿದ್ದು ಇದು: ಕರುಣೆಯಿಂದ ಹೇಳಿದ ಈ ಮಾತು ಮುಸಾವಾದ ಆಗುತ್ತದೆಯೇ, ನಾಲ್ಕನೇ ಶೀಲ ಮುರಿದಂತಾಗುತ್ತದೆಯೇ?

(ಲುಂಬಿನಿಗೆ ನಾಲ್ಕು ತಿಂಗಳು ಯಾಕಪ್ಪಾ ಎಂದು ಆ ತಾಯಿ ಕೇಳಿಲ್ಲವಂತೆ. ಅವರಿಗೆ ಗೊತ್ತಾಗಿದೆ ಎಂದೇ ನನ್ನ ಅನುಮಾನ.)

ಪ್ರಯಾಣವೇ ತಣ್ಹೆಯಲ್ಲವೇ, ಮನಸ್ಸಿನೊಳಗೇ ಪ್ರಯಾಣ ಮಾಡಬಾರದೇ ಎಂದು ಒಬ್ಬ ಹಿರಿಯರು ಬರೆದಿದ್ದಾರೆ. ತಣ್ಹೆ ಇರಬಹುದು. ಊರಾಚೆ ಸೈಟು ಕೊಳ್ಳುವುದೂ ತಣ್ಹೆಯೇ. ಅದಕ್ಕೆ ಮಾತ್ರ ನಮ್ಮ ಬಳಗದಲ್ಲಿ ಅಭಿನಂದನೆ ಬರುತ್ತದೆ. ಆ ವಿಚಾರ ಅಲ್ಲಿಗೆ ಬಿಡೋಣ. ಕೇಳಿದ ಪ್ರಶ್ನೆ ಬೇರೆ.

ಮುಸಾವಾದಕ್ಕೆ ಅಟ್ಠಕಥೆಗಳು ನಾಲ್ಕು ಅಂಗಗಳನ್ನು ಹೇಳುತ್ತವೆ. ವಿಷಯ ನಿಜವಲ್ಲದ್ದಾಗಿರಬೇಕು, ದಾರಿ ತಪ್ಪಿಸುವ ಚಿತ್ತವಿರಬೇಕು, ಅದಕ್ಕೆ ತಕ್ಕ ಪ್ರಯತ್ನ ನಡೆದಿರಬೇಕು, ಕೇಳಿದವರಿಗೆ ಆ ಮಾತು ಅರ್ಥವಾಗಿರಬೇಕು. ಇಲ್ಲಿ ನಾಲ್ಕೂ ಇವೆ. ಕರುಣೆ ಐದನೆಯದಾಗಿ ಬಂದು ಈ ನಾಲ್ಕನ್ನು ಅಳಿಸುವುದಿಲ್ಲ. ಅದು ಯಾರ ಮೇಲಿನ ಕರುಣೆ ಎಂದೂ ನೋಡಬೇಕು. ಅಮ್ಮ ಅಳುವುದನ್ನು ನೋಡಲಾರೆ ಎನ್ನುವಾಗ ಅರ್ಧ ಅಮ್ಮನ ಚಿಂತೆ, ಇನ್ನರ್ಧ ನೋಡಲಾರದವನ ಚಿಂತೆ.

"ಸಿದ್ಧಾರ್ಥನೂ ರಾತ್ರೋರಾತ್ರಿ ಹೇಳದೆ ಹೊರಟವನಲ್ಲವೇ?" ಎಂದು ಇಬ್ಬರು ಬರೆದಿದ್ದೀರಿ. ಕ್ಯಾಲೆಂಡರಿನ ಚಿತ್ರ ನಮ್ಮೆಲ್ಲರ ತಲೆಯಲ್ಲಿ ಹಾಗೆಯೇ ಕೂತಿದೆ: ಮಲಗಿರುವ ಯಶೋಧರೆ, ಮಗು ರಾಹುಲ, ಬಾಗಿಲಲ್ಲಿ ನಿಂತು ತಿರುಗಿ ನೋಡುವ ರಾಜಕುಮಾರ, ಹೊರಗೆ ಕಂಥಕ ಕುದುರೆಯನ್ನು ಹಿಡಿದ ಚನ್ನ. ಈ ಕಥೆ ಬಂದಿರುವುದು ನಂತರದ ಕಾಲದ ಗ್ರಂಥಗಳಿಂದ. ಮಜ್ಝಿಮ ನಿಕಾಯದ ಅರಿಯಪರಿಯೇಸನ ಸುತ್ತದಲ್ಲಿ ಭಗವಾನರು ತಮ್ಮ ಮನೆ ಬಿಟ್ಟದ್ದನ್ನು ತಾವೇ ಹೇಳುವಾಗ, ತಂದೆತಾಯಿಗೆ ಇಷ್ಟವಿರಲಿಲ್ಲ, ಅವರು ಕಣ್ಣೀರು ಸುರಿಸುತ್ತಿದ್ದರು ಎನ್ನುತ್ತಾರೆ. ಅಳುವವರ ಎದುರಿಗೇ ಹೊರಟಿದ್ದರು ಎಂದಾಯಿತಲ್ಲ!

ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಈ ರಾತ್ರಿಯ ಕಥೆಯನ್ನು ಪೂರ್ತಿಯಾಗಿ ಪಕ್ಕಕ್ಕಿಟ್ಟರು. ಅವರ ಪ್ರಕಾರ ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧಕ್ಕೆ ಹೊರಟಾಗ ಸಿದ್ಧಾರ್ಥ ಸಂಘದ ಸಭೆಯಲ್ಲಿ ವಿರೋಧಿಸಿದ. ಅದರಿಂದಲೇ ಊರು ಬಿಡಬೇಕಾಯಿತು. ಮನೆಗೆ ಬಂದು ತಂದೆತಾಯಿಗೆ ಹೇಳಿದ, ಯಶೋಧರೆಗೆ ಹೇಳಿದ, ಹಗಲಿನಲ್ಲಿ ಊರಿನ ಜನರ ನಡುವೆಯೇ ಹೊರಟ. ಕಂಥಕನೂ ಚನ್ನನೂ ಅಲ್ಲಿಯೂ ಇದ್ದಾರೆ, ಆದರೆ ಕಳ್ಳತನದ ರಾತ್ರಿ ಇಲ್ಲ. 29 ವರ್ಷದ ಮನುಷ್ಯ ಹೆಂಡತಿಯನ್ನು ಎಬ್ಬಿಸದೆ ಹೋದ ಎಂಬ ಕಥೆಯನ್ನು ಇಟ್ಟುಕೊಳ್ಳುವುದಕ್ಕಿಂತ, ಎಬ್ಬಿಸಿ, ಕೂರಿಸಿ, ಹೇಳಿದ ಎಂಬ ಕಥೆ ನಮಗೆ ಹೆಚ್ಚು ಬೇಕಾದದ್ದು ಎಂದು ನನಗೆ ಪ್ರತಿ ಸಲ ಓದಿದಾಗಲೂ ಅನ್ನಿಸುತ್ತದೆ.

ಇನ್ನೊಂದು ಘಟನೆ ವಿನಯದ ಮಹಾವಗ್ಗದಲ್ಲಿದೆ. ಬುದ್ಧರಾಗಿ ಕಪಿಲವಸ್ತುವಿಗೆ ಬಂದಾಗ ಮಗ ರಾಹುಲನಿಗೂ ಪಬ್ಬಜ್ಜೆ ಆಗಿಬಿಟ್ಟಿತು. ಮುದುಕ ಶುದ್ಧೋದನ ಬಂದು, ನೀನು ಹೋದಾಗ ನೊಂದೆ, ನಂದ ಹೋದಾಗ ನೊಂದೆ, ಈಗ ಮೊಮ್ಮಗನೂ ಹೋದ, ಈ ನೋವು ಮೂಳೆಯೊಳಗಿನ ಮಜ್ಜೆಯವರೆಗೆ ಇಳಿಯುತ್ತದೆ ಎಂಬರ್ಥದಲ್ಲಿ ಹೇಳಿ ಒಂದು ಬೇಡಿಕೆ ಇಟ್ಟ. ಆವತ್ತಿನಿಂದ ತಂದೆತಾಯಿಯ ಒಪ್ಪಿಗೆ ಇಲ್ಲದೆ ಮಕ್ಕಳಿಗೆ ಪಬ್ಬಜ್ಜೆ ಕೊಡಬಾರದು ಎಂಬ ನಿಯಮ ಬಂತು. ಉಳಿದುಹೋದವರ ನೋವು ಕೇಳಿ ಬುದ್ಧರು ನಿಯಮವನ್ನೇ ಮಾಡಿದರು.

ಹಾಗಾದರೆ ಅಮ್ಮ ಬೇಡ ಎಂದರೆ ಹೋಗಬಾರದೇ? ಅದು ಭಿಕ್ಷುವಾಗುವವರ ನಿಯಮ. ಬೈಕು ಹತ್ತುವ 27 ವರ್ಷದ ಉಪಾಸಕನಿಗೆ ಅಲ್ಲ. ಒಪ್ಪಿಗೆ ಬೇರೆ, ನಿಜ ಬೇರೆ. ಒಪ್ಪಿಗೆ ಕೊಡುವುದೂ ಬಿಡುವುದೂ ಅಮ್ಮನ ಇಷ್ಟ. ನಿಜ ಹೇಳುವುದು ಮಗನ ಪಾಲು. ಒಪ್ಪಿಗೆ ಸಿಗದಿದ್ದರೂ ನಿಜ ಹೇಳಿ ಹೊರಡಬಹುದು. ಸುಳ್ಳು ಹೇಳಿ ಪಡೆದ ಒಪ್ಪಿಗೆಯಂತೂ ನೇಪಾಳದ ಗಡಿಗೇ ಮುಗಿಯುತ್ತದೆ.

ರಟ್ಠಪಾಲನ ಕಥೆ ಗೊತ್ತಿರುವವರಿಗೆ ಗೊತ್ತು. ಅಪ್ಪ ಅಮ್ಮ ಒಪ್ಪದಿದ್ದಾಗ ನೆಲದ ಮೇಲೆ ಮಲಗಿ ಊಟ ಬಿಟ್ಟ. ಕದ್ದು ಓಡಿಹೋಗಲಿಲ್ಲ. ನಾನೇನೂ ಉಪವಾಸದ ಸಲಹೆ ಕೊಡುತ್ತಿಲ್ಲ, ಆ ತಾಯಿಯ ಬಿ.ಪಿ.ಗೆ ಅದು ಇನ್ನೂ ಕೆಟ್ಟದ್ದು.

ನನಗೆ ಈ ವಾರವೆಲ್ಲ ನೆನಪಾದದ್ದು ಪುಣ್ಣ ಭಂತೇಯವರ ಹೊರಡುವಿಕೆ. ಮಜ್ಝಿಮ ನಿಕಾಯದ ಪುಣ್ಣೋವಾದ ಸುತ್ತದಲ್ಲಿ ಬರುತ್ತದೆ. ಪುಣ್ಣರು ಸುನಾಪರಾಂತಕ್ಕೆ ಹೊರಟು ನಿಂತಿದ್ದಾರೆ. ಬುದ್ಧರು ಎಲ್ಲಿಗೆ ಎಂದು ಕೇಳುತ್ತಾರೆ. ಪುಣ್ಣರು ನೇರವಾಗಿ ಆ ಊರಿನ ಹೆಸರನ್ನೇ ಹೇಳುತ್ತಾರೆ, ನಡುವಿನ ಯಾವುದೋ ಸುಲಭದ ಊರನ್ನಲ್ಲ. ಅಲ್ಲಿಯ ಜನ ಒರಟರು ಎಂದು ಬುದ್ಧರಿಗೆ ಗೊತ್ತು. ಅವರು ಬೇಡ ಎನ್ನುವುದಿಲ್ಲ. ಹೋಗಿ ಬಾ ಎಂದೂ ತಕ್ಷಣ ಹೇಳುವುದಿಲ್ಲ. ಪ್ರಶ್ನೆ ಕೇಳುತ್ತಾರೆ. ಬೈದರೆ ಏನು ಮಾಡುತ್ತೀ? ಕೈಯಿಂದ ಹೊಡೆಯಲಿಲ್ಲವಲ್ಲ, ಒಳ್ಳೆಯವರು ಎಂದುಕೊಳ್ಳುತ್ತೇನೆ. ಕೈಯಿಂದ ಹೊಡೆದರೆ? ಹೆಂಟೆ ಎಸೆದರೆ? ದೊಣ್ಣೆ ತಂದರೆ? ಕತ್ತಿ ಹಿಡಿದರೆ? ಕೊಂದೇಬಿಟ್ಟರೆ? ಒಂದೊಂದಕ್ಕೂ ಪುಣ್ಣರ ಬಳಿ ಉತ್ತರವಿದೆ. ಕೊನೆಯದಕ್ಕೂ ಇದೆ. ಆಮೇಲೆಯೇ ಬುದ್ಧರು, ನೀನು ಅಲ್ಲಿ ಇರಬಲ್ಲೆ ಎಂದು ಒಪ್ಪುತ್ತಾರೆ.

ಈ ಸಂಭಾಷಣೆಯನ್ನು ಪುಣ್ಣರ ಧೈರ್ಯಕ್ಕಾಗಿ ಓದುವುದು ರೂಢಿ. ಕೇಳಿದವರ ಕಡೆಯಿಂದಲೂ ಓದಬಹುದು. ಪ್ರೀತಿಯಿರುವವರು ಹೊರಡುವವನ ಮುಂದೆ ಕೆಟ್ಟದ್ದನ್ನೆಲ್ಲ ಒಂದೊಂದಾಗಿ ಇಟ್ಟು ಕೇಳುತ್ತಾರೆ. ಅದು ತಡೆಯುವುದಕ್ಕಲ್ಲ, ಕೇಳಿ ಮುಗಿಸಿದ ಮೇಲೆ ಕಳಿಸಿಕೊಡುವ ಶಕ್ತಿ ಅವರಿಗೂ ಬರಲಿ ಎಂದು. ನಮ್ಮ ತಾಯಂದಿರು ಬೇರೇನು ಮಾಡುತ್ತಾರೆ? ಗಾಡಿ ಕೆಟ್ಟರೆ? ಜ್ವರ ಬಂದರೆ? ಅಲ್ಲಿ ಊಟಕ್ಕೆ ಏನು? ಯಾರಾದರೂ ದುಡ್ಡು ಕಿತ್ತುಕೊಂಡರೆ? ಬಿದ್ದರೆ? "ನೇಪಾಳ" ಎಂದು ಹೇಳಿದ ಮಗನಿಗೆ ಆ ತಾಯಿ ನೇಪಾಳದ ಪ್ರಶ್ನೆಗಳನ್ನಷ್ಟೇ ಕೇಳಿರುತ್ತಾರೆ. ಇರಾನಿನ ಮರುಭೂಮಿಯ ಪ್ರಶ್ನೆ, ಟರ್ಕಿಯ ಬೆಟ್ಟದ ಚಳಿಯ ಪ್ರಶ್ನೆ, ಬಲಗಡೆ ಓಡಿಸಬೇಕಾದ ರಸ್ತೆಯ ಪ್ರಶ್ನೆ ಅವರೊಳಗೆ ಹುಟ್ಟುವುದಕ್ಕೂ ಅವಕಾಶ ಕೊಟ್ಟಿಲ್ಲ. ಹುಡುಗನೂ ಅವಕ್ಕೆ ಜೋರಾಗಿ ಬಾಯಿಬಿಟ್ಟು ಉತ್ತರ ಹೇಳಿಕೊಂಡಿಲ್ಲ. ಉತ್ತರ ಇಲ್ಲದ ಪ್ರಶ್ನೆ ಒಂದಾದರೂ ಸಿಕ್ಕರೆ ಅದು ಮೈಸೂರಿನ ಅಡುಗೆಮನೆಯಲ್ಲೇ ಸಿಗುವುದು ಒಳ್ಳೆಯದು.

ಸುನಾಪರಾಂತ ಎಂದರೆ ಪಶ್ಚಿಮ ಕರಾವಳಿ, ಸೋಪಾರದ ಸುತ್ತಲಿನ ಸೀಮೆ ಎಂದು ವಿದ್ವಾಂಸರು ಗುರುತಿಸುತ್ತಾರೆ. ಇಂದಿನ ನಾಲಾಸೋಪಾರ. ಅಶೋಕನ ಶಾಸನದ ತುಂಡುಗಳು ಸಿಕ್ಕ ಊರು, ಸ್ತೂಪವೂ ಇದೆ. ನಮ್ಮ ಹುಡುಗನ ಬೈಕು ಹಡಗು ಹತ್ತುವುದೂ ಅದೇ ಕರಾವಳಿಯಲ್ಲಿ, ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿನಿಂದ. ಹಡಗಿಗೆ ಕೊಡುವಾಗ ಟ್ಯಾಂಕಿನ ಪೆಟ್ರೋಲ್ ಖಾಲಿ ಮಾಡಿ, ಬ್ಯಾಟರಿಯ ತಂತಿ ಬಿಚ್ಚಿ, ಮರದ ಪೆಟ್ಟಿಗೆಯೊಳಗೆ ಅಲುಗಾಡದಂತೆ ಕಟ್ಟುತ್ತಾರೆ. ಅದಕ್ಕೆ ಮುಂಚೆ ಸಮಯವಿದ್ದರೆ ಸೋಪಾರಕ್ಕೆ ಹೋಗಿ ಸ್ವಲ್ಪ ಹೊತ್ತು ಕೂತು ಬನ್ನಿ ಎಂದು ಅವರಿಗೆ ಹೇಳಿದ್ದೇನೆ.

ಈ ಪ್ರಯಾಣಕ್ಕೆ 'ಕಾರ್ನೆ' ಎಂಬ ಒಂದು ಪುಸ್ತಕ ಬೇಕು. ಅದರ ಚಿತ್ರವನ್ನು ಅವರು ಬಳಗದಲ್ಲಿ ಹಾಕಿದ್ದರು, ನೋಡಿರುತ್ತೀರಿ. ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ಕೊಡುತ್ತದೆ, ಒಂದು ವರ್ಷ ಚಾಲ್ತಿ. ಗಾಡಿಯನ್ನು ಪರದೇಶದಲ್ಲಿ ಮಾರುವುದಿಲ್ಲ, ಬಿಟ್ಟು ಬರುವುದಿಲ್ಲ, ತಂದ ಹಾಗೆಯೇ ಹೊರಗೆ ಒಯ್ಯುತ್ತೇನೆ ಎಂಬ ಖಾತರಿ ಅದು. ಅದಕ್ಕೆ ದೊಡ್ಡ ಮೊತ್ತದ ಭದ್ರತೆ ಇಡಬೇಕು. ಹಾಳೆ ಹಾಳೆಗೂ ಮೂರು ಭಾಗ: ದೇಶದೊಳಗೆ ಹೋಗುವಾಗ ಒಂದು ಭಾಗ ಹರಿದುಕೊಳ್ಳುತ್ತಾರೆ, ಹೊರಗೆ ಬರುವಾಗ ಇನ್ನೊಂದು, ಎರಡೂ ಮುದ್ರೆ ಬಿದ್ದ ಮೂರನೆಯದು ಪುಸ್ತಕದಲ್ಲೇ ಉಳಿಯುತ್ತದೆ. ಚಾಸಿಸ್ ನಂಬರು, ಎಂಜಿನ್ ನಂಬರು, ಬಣ್ಣ, ಬೆಲೆ, ಜೊತೆಗೆ ಒಯ್ಯುವ ಹೆಚ್ಚುವರಿ ಟೈರು ಎಷ್ಟು ಎಂಬುದನ್ನೂ ಬರೆಯಬೇಕು. ಗುರುತಿಲ್ಲದ ಕಸ್ಟಮ್ಸ್ ಅಧಿಕಾರಿಗೆ ಇಷ್ಟು ನಿಜ ಹೇಳಿ ರುಜು ಹಾಕಲು ಸಿದ್ಧನಾದವನು, ಬಾಗಿಲಲ್ಲಿ ನಿಂತು ಕಳಿಸಿಕೊಡುವ ತಾಯಿಗೆ ದೇಶದ ಹೆಸರನ್ನೇ ತಪ್ಪಾಗಿ ಹೇಳಿ ಹೋಗುತ್ತಾನೆ!

1932ರಲ್ಲಿ ರಾಬರ್ಟ್ ಫುಲ್ಟನ್ ಎಂಬ ಅಮೆರಿಕದ ಯುವಕ ಡಗ್ಲಸ್ ಬೈಕಿನಲ್ಲಿ ಲಂಡನ್ನಿನಿಂದ ಹೊರಟು ನಮ್ಮ ದೇಶವನ್ನೂ ಹಾದು ಜಪಾನಿನವರೆಗೆ ಹೋದ. ಒಂದು ಊಟದ ಕೂಟದಲ್ಲಿ ಬಾಯಿಗೆ ಬಂದದ್ದನ್ನು ಹೇಳಿಬಿಟ್ಟು, ಆ ಮಾತಿಗೆ ಕಟ್ಟುಬಿದ್ದು ಹೊರಟವನು. ಅವನು ಎಂಜಿನ್ನಿನ ಕೆಳಗೆ ಒಂದು ಪಿಸ್ತೂಲು ಬಚ್ಚಿಟ್ಟುಕೊಂಡಿದ್ದನಂತೆ. ನಮ್ಮ ಹುಡುಗನ ಬಳಿ ಪಿಸ್ತೂಲು ಇಲ್ಲ. ಬಚ್ಚಿಟ್ಟುಕೊಂಡಿರುವುದು ಇದೊಂದೇ ಮಾತು. ಇರಾನಿನ ಯಾವುದೋ ತಿರುವಿನಲ್ಲಿ ಗಾಡಿ ಜಾರಿತು, ಕಾಲು ಮುರಿಯಿತು ಎಂದಿಟ್ಟುಕೊಳ್ಳಿ. ಫೋನು ಎತ್ತುವ ತಾಯಿಗೆ ಮಗ ಬಿದ್ದ ಸುದ್ದಿಯೂ ಮಗ ಸುಳ್ಳು ಹೇಳಿದ ಸುದ್ದಿಯೂ ಒಂದೇ ಕರೆಯಲ್ಲಿ ಬರುತ್ತವೆ. ಬಿ.ಪಿ. ಇರುವವರಿಗೆ ಯಾವುದು ಹೆಚ್ಚು ಅಪಾಯ?

ಲಂಡನ್ನಿನ ಆ ಮನೆಯ ಬಗ್ಗೆಯೂ ಒಂದು ಮಾತು. ಅಲ್ಲಿ ಬಾಬಾಸಾಹೇಬರು ಅರೆಹೊಟ್ಟೆಯಲ್ಲಿ ಓದುತ್ತಿದ್ದಾಗ ಇತ್ತ ಮುಂಬೈನ ಪರೇಲಿನ ಚಾಳಿನಲ್ಲಿ ರಮಾಬಾಯಿಯವರು ಬಡತನದಲ್ಲಿ ಸಂಸಾರ ತೂಗಿಸುತ್ತಿದ್ದರು. ಗಂಡ ಎಲ್ಲಿದ್ದಾರೆ, ಯಾಕೆ ಹೋಗಿದ್ದಾರೆ ಎಂಬುದು ಅವರಿಗೆ ಗೊತ್ತಿತ್ತು. ಗೊತ್ತಿದ್ದು ಕಾದರು. ಅವರು 1935ರಲ್ಲಿ ತೀರಿಕೊಂಡರು. ಪಾಕಿಸ್ತಾನದ ವಿಚಾರವಾಗಿ ಬರೆದ ತಮ್ಮ ಗ್ರಂಥವನ್ನು ಬಾಬಾಸಾಹೇಬರು ಅವರ ನೆನಪಿಗೆ ಅರ್ಪಿಸಿದರು. ಆ ಓದಿನಲ್ಲಿ ರಮಾಬಾಯಿಯವರ ಪಾಲೂ ಇದೆ ಎಂದು ನಾವು ಪ್ರತಿವರ್ಷ ಹೇಳುತ್ತೇವೆ. ಪಾಲು ಸಿಗುವುದು ತಿಳಿದು ಕಳಿಸಿದವರಿಗೆ. ಈ ತಾಯಿಗೂ ಆ ಹೊಸ್ತಿಲಿನಲ್ಲಿ ಒಂದು ಪಾಲು ಸಿಗಬೇಡವೇ? ಮಗ ಅಲ್ಲಿ ನಿಂತು ವಿಡಿಯೋ ಕರೆ ಮಾಡಿದಾಗ "ಇದು ನೇಪಾಳದಲ್ಲೆಲ್ಲಿದೆ?" ಎಂದು ಕೇಳುವ ಹಾಗೆ ಆಗಬಾರದು.

ತಮ್ಮಾ, ಬೈಕು ಹೊರಡುವುದಕ್ಕೆ ಇನ್ನೂ ಹನ್ನೊಂದು ದಿನ ಇದೆ. ಚೈನು, ಟೈರು, ಬ್ರೇಕು ಎಲ್ಲ ನೋಡಿಸಿದ್ದೀರಿ, ಸಂತೋಷ. ಅಮ್ಮನಿಗೆ ಹೇಳುವ ದಿನ ಭೂಪಟ ಬಿಚ್ಚಿಟ್ಟುಕೊಂಡು ಕೂರಿ. ಅವರ ಬಿ.ಪಿ. ಮಾತ್ರೆ ಆದ ಮೇಲೆ, ಊಟ ಆದ ಮೇಲೆ ಹೇಳಿ. ಎಷ್ಟು ಪ್ರಶ್ನೆ ಕೇಳಿದರೂ ಫೋನು ನೋಡದೆ ಉತ್ತರ ಕೊಡಿ. ಜೊತೆಯಲ್ಲಿ ದೊಡ್ಡವರು ಯಾರಾದರೂ ಇದ್ದರೆ ಒಳ್ಳೆಯದು ಅನ್ನಿಸಿದರೆ ನಾನೂ ನಮ್ಮ ಮನೆಯವರೂ ಶನಿವಾರ ಸಂಜೆ ಆರು ಗಂಟೆಗೆ ಬರುತ್ತೇವೆ. ಉಳಿದವರಲ್ಲಿ ಆ ಬಡಾವಣೆಯ ಹತ್ತಿರ ಇರುವವರು ಈ ನಾಲ್ಕು ತಿಂಗಳು ವಾರಕ್ಕೊಬ್ಬರಂತೆ ಆ ಮನೆಗೆ ಹೋಗಿಬರಲು ಹೆಸರು ಕೊಡಿ. ಮೊದಲ ವಾರ ನನ್ನದು.

ಸಾಧು ಸಾಧು ಸಾಧು 🙏