ನೋವಿಗೆ ಸಾಕ್ಷಿ ಬೇಕೇ?

ಜ್ವರ ಬಂದರೆ ಥರ್ಮಾಮೀಟರ್ ಇದೆ. ನೋವನ್ನು ಹಾಗೆ ಅಳೆದು ತೋರಿಸುವ ಉಪಕರಣ ಇಂದಿಗೂ ಇಲ್ಲ. ನೋಯುತ್ತಿರುವವರ ಮಾತೇ ಅದಕ್ಕಿರುವ ಮುಖ್ಯ ಸಾಕ್ಷಿ. ಆ ಮಾತನ್ನು ನಾವು ಎಷ್ಟರಮಟ್ಟಿಗೆ ನಂಬುತ್ತೇವೆ?

ದಕ್ಷಿಣ ಕನ್ನಡದ ಬೀಡಿ ಕಟ್ಟುವ ಹೆಂಗಸರನ್ನೇ ನೋಡಿ. ಮಡಿಲಲ್ಲಿ ಮೊರ ಇಟ್ಟುಕೊಂಡು, ಕತ್ತು ಬಾಗಿಸಿ ಗಂಟೆಗಟ್ಟಲೆ ಕೂರುತ್ತಾರೆ. ಕೂಲಿ ಸಾವಿರ ಬೀಡಿಯ ಲೆಕ್ಕದಲ್ಲಿ. ಇವರಲ್ಲೊಬ್ಬರು ಸೊಂಟನೋವೆಂದು ಆಸ್ಪತ್ರೆಗೆ ಹೋದರೆ ಸಿಗಬಹುದಾದ ಉತ್ತರ ಎರಡು: ‘ಸ್ಕ್ಯಾನ್‌ನಲ್ಲಿ ಏನೂ ಇಲ್ಲ’ ಅಥವಾ ‘ಡಿಸ್ಕ್ ಸವೆದಿದೆ, ಇನ್ನು ಬಗ್ಗಬೇಡಿ’. ಮೊದಲನೆಯದು ಆಕೆಯನ್ನು ಸುಳ್ಳುಗಾತಿಯಾಗಿಸುತ್ತದೆ. ಎರಡನೆಯದು ಜೀವನವಿಡೀ ಹೆದರಿಸುತ್ತದೆ.

ಎರಡರ ಹಿಂದಿರುವುದೂ ಗಾಯ ಎಷ್ಟೋ ನೋವು ಅಷ್ಟೇ ಎಂಬ ನಂಬಿಕೆ. ದೇಹದಿಂದ ಬರುವ ಸಂಕೇತಗಳನ್ನು ಬೆನ್ನುಹುರಿಯಲ್ಲೇ ತಡೆಯುವ ಅಥವಾ ಒಳಬಿಡುವ ಬಾಗಿಲೊಂದಿದೆ ಎಂದು ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ 1965ರಲ್ಲೇ ವಾದಿಸಿದ್ದರು. 2015ರಲ್ಲಿ 33 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಬೆನ್ನುನೋವೇ ಇಲ್ಲದ ಇಪ್ಪತ್ತರ ಹರೆಯದವರಲ್ಲಿ ಶೇ. 37, ಎಂಬತ್ತರ ವಯಸ್ಸಿನವರಲ್ಲಿ ಶೇ. 96 ಮಂದಿಯ ಡಿಸ್ಕ್ ಸವೆದಿರುವುದು ಕಂಡುಬಂತು. ಕೂದಲು ನರೆಯುವಂತೆ ಡಿಸ್ಕೂ ಸವೆಯುತ್ತದೆ.

ಹಾಗೆಂದ ಮಾತ್ರಕ್ಕೆ ನೋವು ಕಲ್ಪನೆಯಾಗುವುದಿಲ್ಲ. ಅಪಾಯವನ್ನು ತೂಗಿ ನೋಡಿ, ದೇಹವನ್ನು ಕಾಯಲೆಂದು ಮಿದುಳು ಬಾರಿಸುವ ಗಂಟೆ ಅದು. ತಿಂಗಳುಗಟ್ಟಲೆ ಬಾರಿಸಿ ಅಭ್ಯಾಸವಾದ ಮೇಲೆ ಸಣ್ಣ ಅಲುಗಾಟಕ್ಕೂ ಬಾರಿಸತೊಡಗುತ್ತದೆ. ನಿದ್ದೆಗೇಡು, ಭಯ, ಸಾಲದ ಚಿಂತೆ ಅದನ್ನು ಇನ್ನಷ್ಟು ಜೋರಾಗಿಸಬಲ್ಲವು. ಇದನ್ನು ರೋಗಿಗೆ ತಿಳಿಸಿ, ಹೆದರಿಕೆ ಬಿಡಿಸಿ, ಸ್ವಲ್ಪಸ್ವಲ್ಪವಾಗಿ ಬಗ್ಗಲು, ನಡೆಯಲು ಹಚ್ಚುವುದು ಇಂದಿನ ಫಿಸಿಯೋಥೆರಪಿಯ ಒಂದು ದಾರಿ. (ಕಾಲು ಮರಗಟ್ಟುವುದು, ಮೂತ್ರ ಹಿಡಿತ ತಪ್ಪುವುದು ಇದ್ದರೆ ಮಾತು ಬೇರೆ, ಕೂಡಲೇ ವೈದ್ಯರಲ್ಲಿಗೆ ಹೋಗಬೇಕು.)

ನಮ್ಮ ತಕರಾರು ಶುರುವಾಗುವುದು ಇಲ್ಲಿ. ‘ನೋವು ಹುಟ್ಟುವುದು ಮಿದುಳಿನಲ್ಲಿ’ ಎಂಬ ಮಾತು ಆ ಹೆಂಗಸಿನ ಕಿವಿಗೆ ‘ಎಲ್ಲ ನಿನ್ನ ಮನಸ್ಸಿನ ಭ್ರಮೆ’ ಎಂದು ಕೇಳಿಸಿದರೆ ಆಶ್ಚರ್ಯವಿಲ್ಲ. ಮನೆಯವರು ಅದನ್ನು ವರ್ಷಗಳಿಂದ ಹೇಳುತ್ತಲೇ ಇರುತ್ತಾರೆ, ಅದಕ್ಕೆ ಎಂ.ಆರ್.ಐ. ಏನೂ ಬೇಕಿರಲಿಲ್ಲ. ನೋವಿನ ಅಧ್ಯಯನದ ಅಂತಾರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ಒಬ್ಬರು ತಮ್ಮ ಅನುಭವವನ್ನು ನೋವೆಂದು ಹೇಳಿದರೆ ಅದನ್ನು ಗೌರವಿಸಬೇಕೆಂದು ಸೇರಿಸಿತು. ನಂಬುವುದು ಮೊದಲು, ವಿವರಿಸುವುದು ಆಮೇಲೆ. ಈ ಅನುಕ್ರಮ ತಪ್ಪಿದರೆ ಒಳ್ಳೆಯ ವಿಜ್ಞಾನವೂ ಬಾಯಿ ಮುಚ್ಚಿಸುವ ಉಪಾಯವಾಗಿಬಿಡುತ್ತದೆ.

ನಂಬಿದವರು ಕೇಳುವ ಪ್ರಶ್ನೆಗಳೂ ಬೇರೆ. ದಿನಕ್ಕೆ ಎಷ್ಟು ಬೀಡಿ? ರಾತ್ರಿ ಎಷ್ಟು ನಿದ್ದೆ? ನೀರು ಹೊರುವವರು ಯಾರು? ಆಗ ವ್ಯಾಯಾಮವೂ ಆಕೆಯ ದಿನಚರಿಯೊಳಗೇ ಹುಟ್ಟುತ್ತದೆ: ನೂರು ಬೀಡಿಗೊಮ್ಮೆ ಎದ್ದು ಅಂಗಳದವರೆಗೆ ನಡೆದು ಬರುವುದು. ಆ ನಡಿಗೆಯ ಹೊತ್ತಿಗೆ ಕೂಲಿಯ ಲೆಕ್ಕದಲ್ಲಿ ಜಾಗವಿಲ್ಲ. ಅದನ್ನು ಯಾವ ಫಿಸಿಯೋಥೆರಪಿಸ್ಟೂ ಒಬ್ಬರೇ ಸರಿಪಡಿಸಲಾರರು.